ಏಳನೆಯ ಲೆಕ್ಕ

ವಯಾಲಾ ಊರಿನ ಆಸ್ಪತ್ರೆ. ಮಂಗಳವಾರ, ಮಧ್ಯಾಹ್ನದ ಪಾಳಿ.
ಮೂರನೆಯ ಕುರ್ಚಿಯಲ್ಲಿ ಡೆಸ್ ಪೆಂಗೆಲಿ,
ಒಂದು ಕಾಲಕ್ಕೆ ಹಡಗು ಕಟ್ಟುತ್ತಿದ್ದವರು,
ಎಡತೋಳನ್ನು ದಿಂಬಿನ ಮೇಲೆ ಚಾಚಿ ಕೂತಿದ್ದರು.
ಒಂದು ಕೊಳವೆಯಲ್ಲಿ ರಕ್ತ ಹೋಗುತ್ತಿತ್ತು,
ಇನ್ನೊಂದರಲ್ಲಿ ಬರುತ್ತಿತ್ತು.
ಇನ್ನೂ ಎರಡು ಗಂಟೆ ಬಾಕಿ.
ಕಿಟಕಿಯಾಚೆ ಕೆಂಪು ಧೂಳು, ಅದರಾಚೆ ಕೊಲ್ಲಿ.

ಶಾಲೆ ಬಿಟ್ಟು ನೇರ ಬಂದ ಮೊಮ್ಮಗಳು ಟೆಸ್ಸಾ
ಊಟದ ತಟ್ಟೆಯಿಡುವ ಚಕ್ರದ ಮೇಜನ್ನು ಎಳೆದುಕೊಂಡು
ಹೋಮ್‌ವರ್ಕ್ ಹರಡಿದಳು.
"ಈ ಎಕ್ಸ್ ಯಾಕೆ ದಿನಾ ಕಳೆದುಹೋಗುತ್ತೆ?
ಹುಡುಕಿಕೊಡೋಕೆ ನಾನೇ ಬೇಕಾ?"

ಬಿ.ಪಿ. ನೋಡುವ ನೆಪದಲ್ಲಿ ಇಣುಕಿದೆ.
ಎರಡು ಎಕ್ಸ್, ಕೂಡಿಸು ಮೂರು, ಸಮ ಹನ್ನೊಂದು.
ಮೂರನ್ನು ಆಚೆ ಕಳಿಸು, ಚಿಹ್ನೆ ಬದಲಾಗುತ್ತೆ, ಅಂದೆ.
"ಯಾಕೆ ಬದಲಾಗ್ಬೇಕು?"

ಹಗರಿಬೊಮ್ಮನಹಳ್ಳಿಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.
ಶಹನಾಜ್ ಟೀಚರ್ ಹೇಳಿದರು, ನಾವು ಬದಲಿಸಿದೆವು, ಪಾಸಾದೆವು.
ತಕ್ಕಡಿ ಅಂದುಕೋ, ಎರಡೂ ಕಡೆಯಿಂದ ಮೂರು ಮೂರು ತೆಗೆ,
ಅನ್ನುತ್ತಾ ಅನ್ನುತ್ತಾ
ನನಗೂ ಅದು ಆಗಲೇ ಹೊಳೆದದ್ದು,
ಕೈಗವಸಿನೊಳಗೆ ಬೆರಳು ಬೆವರುವಾಗ:
ಆಚೆಗೆ ಏನೂ ಹೋಗುವುದೇ ಇಲ್ಲ.

ಆಮೇಲೆ ತ್ರಿಭುಜ.
ನಮ್ಮ ಭಾಷೆಯಲ್ಲಿ ಇದಕ್ಕೆ ಭುಜ ಉಂಟು, ಪಾದ ಉಂಟು,
ಈ ಓರೆಗೆರೆಯ ಹೆಸರು ಕರ್ಣ, ಅಂದರೆ ಕಿವಿ, ಎಂದೆ.
ಟೆಸ್ಸಾ ಪುಸ್ತಕದಂಚಿನಲ್ಲಿ
ಮೂರು ಭುಜ, ಒಂದೇ ಕಿವಿಯ ಪ್ರಾಣಿ ಬರೆದು
ಅದಕ್ಕೆ ಅಜ್ಜನ ಟೋಪಿ ತೊಡಿಸಿದಳು.

ಏಳನೆಯ ಲೆಕ್ಕ.
ಆರೂವರೆ ಮೀಟರಿನ ಏಣಿ ಗೋಡೆಗೊರಗಿದೆ,
ಬುಡ ಗೋಡೆಯಿಂದ ಎರಡೂವರೆ ಮೀಟರು,
ತುದಿ ಎಷ್ಟು ಎತ್ತರದಲ್ಲಿ?
ವರ್ಗ ಮಾಡಿದಳು, ಕಳೆದಳು, ಮೂವತ್ತಾರು ಉಳಿಯಿತು.
ವರ್ಗಮೂಲ ಆರು. ಉತ್ತರದ ಕೆಳಗೆ ಎರಡು ಗೆರೆ.

ಅಷ್ಟು ಹೊತ್ತೂ ಕಣ್ಣು ಮುಚ್ಚಿದ್ದ ಡೆಸ್
"ಏಣಿ ಜಾರುತ್ತೆ" ಅಂದರು.
"ಬುಡ ಅಷ್ಟು ದೂರ ಇಡಬಾರದು.
ಆರಕ್ಕೆ ಒಂದೂವರೆ, ಅಷ್ಟೇ. ಮೆರ್ವ್‌ಗೂ ಹೇಳಿದ್ದೆ."
ಮೆರ್ವ್ ಯಾರೆಂದು ಟೆಸ್ಸಾ ಕೇಳಲಿಲ್ಲ.
ಯಂತ್ರ ಕೀ ಕೀ ಎಂದಿತು. ಗುಂಡಿ ಒತ್ತಿ ಸುಮ್ಮನಾಗಿಸಿದೆ.

ಕೊನೆಗೆ ತೂಕ. ಬರುವಾಗ ಎಪ್ಪತ್ಮೂರು ಪಾಯಿಂಟ್ ಒಂಬತ್ತು,
ಹೋಗುವಾಗ ಎಪ್ಪತ್ತೊಂದೂವರೆ.
ವ್ಯತ್ಯಾಸವನ್ನು ಟೆಸ್ಸಾ
ನನ್ನ ಪೆನ್ನು ಇಳಿಯುವ ಮೊದಲೇ ಹೇಳಿಬಿಟ್ಟಳು.

ಶನಿವಾರ ಪುಸ್ತಕ ತೋರಿಸಲು ಬಂದಳು.
ಎರಡು ಗೆರೆಗಳ ಕೆಳಗೆ ಮತ್ತೊಂದು ಸಾಲು:
"ಆದರೆ ಏಣಿ ಜಾರುತ್ತದೆ. ಯಾರೂ ಹತ್ತಬಾರದು."
ಆರಕ್ಕೆ ಹಸಿರು ಶಾಯಿಯ ಸರಿಗುರುತು,
ಆ ಸಾಲಿಗೆ ಒಂದು ದೊಡ್ಡ ಪ್ರಶ್ನೆಚಿಹ್ನೆ.

ಡೆಸ್ ಕನ್ನಡಕ ಕೇಳಿ ಹಾಕಿಕೊಂಡು
ಪ್ರಶ್ನೆಚಿಹ್ನೆಯನ್ನೇ ಬಹಳ ಹೊತ್ತು ನೋಡಿದರು.
"ನಿಮ್ಮ ಟೀಚರು ಏಣಿ ಹತ್ತಿದವರಲ್ಲ" ಅಂದು
ಸೂಜಿಗೆ ತೋಳು ಚಾಚಿದರು.