ನಲವತ್ತೊಂದು ಇಂಚು

ನನ್ನ ಉಕ್ಕಿನ ಟೇಪಿನ ನಾಲಗೆ ಮುರಿದು ತಿಂಗಳಾಗಿತ್ತು,
ಅವಳದೇ ಟೇಪು ಹಿಡಿದು ಅಳೆದೆ.
ಎಂಜಿನ್ನಿನ ಬಾಯಿಂದ ಹೌಸಿಂಗಿನ ಮೂಗಿನ ತನಕ
ನಲವತ್ತೊಂದು ಇಂಚು.
"ಯಾವ ಸೌಕಾರನ ಸೊಂಟಾರೀ ಇದು?" ಅಂದಳು ಸುಂಕಮ್ಮ,
ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ.

ಕಾರು ಅನ್ನಲು ಇನ್ನೂ ನಾಚಿಕೆ.
ಚೌಕ ಪೈಪಿನ ಚೌಕಟ್ಟು, ನಾಲ್ಕು ಗಾಲಿ, ಎರಡು ಸೀಟು,
ಬಾಗಿಲಿಲ್ಲ, ಟಾಪಿಲ್ಲ.
ಮುಂದೆ, ತೋರಣಗಲ್ಲಿನ ರಸ್ತೆಯಲ್ಲಿ
ಟಿಪ್ಪರಿನಡಿ ನುಗ್ಗಿದ ಬೈಕಿನ ಎಂಜಿನ್ನು.
ಓಡಿಸಿದವ ಬದುಕಿದ, ಆಸೆ ಸತ್ತಿತು, ನನಗೆ ಮಾರಿದ.
ಚೈನು ಎಳೆಯುತ್ತಿದ್ದ ಹಲ್ಲುಗಾಲಿ ಈಗ
ಹಿಂದಕ್ಕೆ ಮುಖಮಾಡಿ ನಿಂತಿದೆ:
ಏನಾದರೂ ಕೊಡು, ಸುತ್ತಿಸುತ್ತೇನೆ.

ಏನು ಕೊಡಲಿ?

ಗುಜರಿಯ ಎರ್ರೆಣ್ಣ ಮೊದಲು ಉರುಳಿಸಿದ್ದು ಟಿಪ್ಪರಿನ ಶಾಫ್ಟು,
ತಾಳೆಮರದಂಥದ್ದು,
ಸಂಡೂರಿನ ಅದಿರು ಎಳೆದೆಳೆದು ಮೈಯೆಲ್ಲ ಕೆಂಪು.
"ಜನ್ಮಕ್ಕೂ ಮುರಿಯಂಗಿಲ್ಲ."
ನಿಜವೇ. ಅದನ್ನೊಂದು ಸುತ್ತು ತಿರುಗಿಸುವಷ್ಟರಲ್ಲಿ
ನನ್ನ ಎಂಜಿನ್ನಿಗೆ ತಲೆ ನೆರೆತೀತು.
ಆಮೇಲೆ ಆಟೋದ ಸಣ್ಣ ಸರಳು.
ಮೊದಲ ಗೇರಿಗೇ ಚಕ್ಕುಲಿ.

ಲೇತಿನ ಶೇಕ್ಷಾವಲಿ ಬೀಡಿ ಆರಿಸಿ ಹೇಳಿದ:
"ಬೈಕಿಂದು ಲಾರೀದಂಗಲ್ಲ ತಮ್ಮಾ, ಚೀರ್ತದ.
ಸುತ್ತು ಏರಿದಂಗ ಸಪೂರ ಶಾಫ್ಟು
ಹುಡುಗೇರ ಹಗ್ಗದಾಟದ ಹಗ್ಗ ಆಗ್ತದ.
ತೂಕ ಬ್ಯಾಡ. ದಪ್ಪ ಕೊಳವಿ, ತೆಳ್ಳನ ಗ್ವಾಡಿ."

ಓಮ್ನಿಯದು ಸಿಕ್ಕಿತು, ಸ್ಕೂಲಿನ ವ್ಯಾನಿನದು.
ನಲವತ್ತೊಂದಕ್ಕೆ ಕೊಯ್ಯಿ, ಅಂದೆ.
ಟೇಪು ವಾಪಸು ಕೇಳಲು ಬಂದಿದ್ದ ಸುಂಕಮ್ಮ
ಹೊಸ್ತಿಲಲ್ಲೇ ನಿಂತು ಕೇಳಿದಳು:
"ಮೈಯಳತೆಗೇ ಕತ್ತರಿ ಹಾಕ್ತಾರೇನು?
ಕುಂತು ಎದ್ದು ಮಾಡಾಕ ಎಲ್ಲಿ ಬಿಟ್ಟೀರಿ?"
ಹೌದಲ್ಲ. ಹಿಂದಿನ ಆಕ್ಸಲ್ಲು ಗುಂಡಿಗೊಮ್ಮೆ ಏಳುತ್ತದೆ,
ಬೀಳುತ್ತದೆ, ದೂರವೂ ಹಿಗ್ಗಿ ಕುಗ್ಗುತ್ತದೆ.
ಶೇಕ್ಷಾವಲಿ ನನ್ನ ಮುಖ ನೋಡಿದ,
ನಾನು ಟೇಪಿನ ಮುಖ.
ಜಾರುವ ತುದಿಗೆ ಒಂದಿಂಚು ಬಿಟ್ಟು
ಕೊಯ್ದೆವು, ಬೆಸೆದೆವು, ಕೂರಿಸಿದೆವು.

ಭಾನುವಾರ ಸಿರುಗುಪ್ಪದ ರಸ್ತೆ.
ನಲವತ್ತು ದಾಟಿದ್ದೇ ತಡ, ನಡುಕ.
ಕನ್ನಡಿಯಲ್ಲಿ ಬಳ್ಳಾರಿಯ ಬೆಟ್ಟವೇ ಎರಡಾಯಿತು.
ಮೌಂಟನ್ನು ಬೈದೆ, ಟೈರನ್ನು ಬೈದೆ,
ಮೂರು ದಿನ ಎರ್ರೆಣ್ಣನನ್ನೂ ಬೈದೆ.
ಬಿಚ್ಚಿ ತಂದು ಮಲಗಿಸಿದೆ ಅವಳ ಕಟಿಂಗ್ ಟೇಬಲ್ಲಿನ ಮೇಲೆ
ನೂರಿಪ್ಪತ್ತು ನೀಲಿ ಪ್ಯಾಂಟುಗಳ ನಡುವೆ.

ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದಳು.
"ತಿರುಚಿದ ಕಾಲು ಇದು," ಅಂದಳು.
"ಈ ಕಡೆ ಕಿವಿ ನಿಂತಾವ, ಆ ಕಡೆ ಮಲಗ್ಯಾವ.
ನಮ್ಮಲ್ಲಿ ಆದ್ರ ರಿಜೆಕ್ಟ್."

ಮಗ್ಗುಲ ಹೊಲಿಗೆ ಮೊಣಕಾಲು ದಾಟಿ
ಮುಂಗಾಲಿಗೆ ಬಂದ ಪ್ಯಾಂಟನ್ನು
ಮೂಲೆಗೆ ಎಸೆಯುವ ಕೈ ಅದು.
ನಾನು ಆ ಯೂನಿಟ್ಟಿನ ಮಷಿನ್ ರಿಪೇರಿಯವ,
ಹದಿನೇಳು ವರ್ಷ. ನನಗೆ ಕಂಡಿರಲಿಲ್ಲ.

ಜಾಯಿಂಟು ಅಂದಮೇಲೆ, ಬಾಗಿ ನಡೆವಾಗ
ಸುತ್ತಿಗೆರಡು ಸಲ ಮುಗ್ಗರಿಸುತ್ತದೆ, ಹುಟ್ಟುಗುಣ.
ಆಚೆಯದು ಅದೇ ಗಳಿಗೆಗೆ ಎದುರು ಮುಗ್ಗರಿಸಿದರೆ
ಗಾಲಿಗೆ ಸುದ್ದಿಯೇ ಮುಟ್ಟದು.
ನಾವು ಎರಡೂ ಮುಗ್ಗರಿಕೆಗಳನ್ನು
ಒಂದರ ಮೇಲೊಂದು ಪೇರಿಸಿ ಬೆಸೆದಿದ್ದೆವು.

ಟೇಲರ್ ಚಾಕಿನಿಂದ ಗೆರೆ ಎಳೆದಳು,
ಈ ಕಿವಿಯಿಂದ ಆ ಕಿವಿಗೆ, ಸ್ಕೇಲಿಲ್ಲದೆ.
ಶೇಕ್ಷಾವಲಿ ಆ ಗೆರೆಗೇ ಕಾಲು ಸುತ್ತು ತಿರುಗಿಸಿ ಬೆಸೆದ,
ಕೂಲಿ ತಗೊಳ್ಳಲಿಲ್ಲ.

ಅರವತ್ತರ ಮೇಲೆ ಸಣ್ಣದೊಂದು ಗುಂಯ್ ಈಗಲೂ ಉಂಟು.
ನಡುವಿನ ತಗಡಿನ ಮೇಲೆ ಅಂಗೈ ಊರಿ ಕೂತಿರುತ್ತಾಳೆ,
"ಒಂದು ಮಗ್ಗಲು ಹಗೂರ ಐತಿ" ಅನ್ನುತ್ತಾಳೆ.
ಒಂದು ಹೋಸ್ ಕ್ಲಿಪ್ ಬಿಗಿದು
ಅದರ ಸ್ಕ್ರೂ ಎತ್ತ ತಿರುಗಿರಬೇಕೆಂದು ಹುಡುಕುತ್ತಿದ್ದೇವೆ,
ವಾರಕ್ಕೊಂದು ದಿಕ್ಕು.

ಬೈಕಿಗೆ ರಿವರ್ಸಿಲ್ಲ.
ಕೌಲ್ ಬಜಾರಿನ ಓಣಿಯಲ್ಲಿ ಎದುರಿಗೆ
ಪ್ಯಾಂಟಿನ ಗಂಟು ಹೊತ್ತ ಆಟೋ ಬಂದರೆ
ಇಬ್ಬರೂ ಇಳಿಯುತ್ತೇವೆ,
ಅವಳು ಆ ಕಡೆ, ನಾನು ಈ ಕಡೆ,
ಮೂತಿಗೆ ಕೈಕೊಟ್ಟು ತಳ್ಳುತ್ತೇವೆ.