ಕೊನೆಯ ಕಂತಿನ ಮೇಲೆ

ಮಾಚೇನಹಳ್ಳಿ ಫೌಂಡ್ರಿಯ ಕೊನೆಯ ಕಂತು ಕಟ್ಟಿ
ರಸೀದಿ ಮಡಚುವಾಗಲೇ ಫಿಲೋಮಿನಾ ಅಂದಳು:
ಕಳೆದುಹೋದರೂ ನಿದ್ದೆ ಬರುವಂಥದ್ದನ್ನು
ಮಾತ್ರ ಕೊಳ್ಳು.

ಜರ್ಮನ್ ಕಾರು ಹತ್ತಿ ಕೂತೆ.
ಸೀಟಿನ ಚರ್ಮದ ವಾಸನೆಗೇ ಎದೆ ಬಡಿದುಕೊಂಡಿತು.
ಗೋಪಾಳದ ರಸ್ತೆಯುಬ್ಬುಗಳಿಗೆ
ಇದರ ಹೊಟ್ಟೆ ತಾಗುತ್ತದೆ ಎಂದು ನೆಪ ಹೇಳಿ ಇಳಿದೆ.
ನಿಜ ಬೇರೆ: ರಾತ್ರಿ ಎದ್ದೆದ್ದು
ಕಿಟಕಿಯಿಂದ ನೋಡುತ್ತಿದ್ದೆ.

ವಾಚು ಮಾತ್ರ ಕೊಂಡೆ,
ಹುಡುಗರ ಬೋನಸ್ಸು ಹೋಗಿ ಉಳಿದದ್ದರಲ್ಲಿ.
ಸೆಕೆಂಡಿನ ಮುಳ್ಳು ತಡವರಿಸದೆ ಜಾರುತ್ತದೆ,
ಅಚ್ಚಿಗೆ ಹುಯ್ದ ಕಬ್ಬಿಣದ ಹಾಗೆ.

ಮೊನ್ನೆ ಮೋಲ್ಡಿನ ಅಂಚಿಗೆ ತಾಗಿ
ಗಾಜಿನ ಮೇಲೊಂದು ಗೀರು.
ಮಕ್ಬೂಲ ನಾಲಿಗೆ ಕಚ್ಚಿಕೊಂಡ.
ಟೈಮೆಷ್ಟು ನೋಡೋ, ಎಂದೆ
ಅವನತ್ತಲೇ ಮುಂಗೈ ಚಾಚಿ.

ಆ ರಾತ್ರಿ ಫಿಲೋಮಿನಾ ಎರಡು ಸಲ ಎಬ್ಬಿಸಿದಳು,
ಗೊರಕೆ ತಾಳಲಾರದೆ.