ಹಲಗಿ ಬರಿಯೂ ದಿನ

ವರ್ಷಕ್ಕೊಮ್ಮೆ ನನ್ನ ಪಾಲಿಗೆ ಏಣಿ ಬರತೈತಿ.
ಹೆಡ್ ಮಾಸ್ತರ ಕರಡಿಗುಡ್ಡ ಸರ್
ನಾಕು ಮಡಚಿದ ಚೀಟಿ ಕೊಟ್ಟು ಅಂತಾರ:
"ಚಿತ್ರದ ಮಾಸ್ತರ, ಹನ್ನೊಂದು ಸಾಲಿಗೆ ಜಾಗ ಐತಿ.
ಹನ್ನೆರಡು ಮಾಡಬ್ಯಾಡ್ರಿ."

ಗುಳೇದಗುಡ್ಡದ ಗಂಡುಮಕ್ಕಳ ಹೈಸ್ಕೂಲು.
ಕೆಂಪು ಕಲ್ಲಿನ ಪಡಸಾಲಿ, ಕರೀ ಹಲಗಿ,
ಬಿಳೀ ಬಣ್ಣ, ನನ್ನ ಅಕ್ಷರ
ಇಪ್ಪತ್ತಾರು ವರ್ಷದ್ದು.
ಹಳೇ ಸಾಲು ಒರಸಿದರೂ ಪೂರಾ ಹೋಗಂಗಿಲ್ಲ;
ಹ್ವಾದ ವರ್ಷದ ಹುಡುಗರು
ಈ ವರ್ಷದವರ ಬೆನ್ನ ಹಿಂದ
ಮಂಜಾಗಿ ನಿಂತಿರತಾರ.

ಡಬ್ಬಿ ಹಿಡಿಯಾಕ ಎಂಟನೇತ್ತೆ ಯಮನೂರಿ ಬಂದ.
ಏಣಿ ಬುಡಕ ನಿಂತ, ಮಾತಿಲ್ಲ,
ಟರ್ಪೆಂಟೈನ್ ವಾಸನೀಗೆ ಮೂಗು ಮುರೀತಾ.

ಮೊದಲನೇ ಸಾಲು ಖೋ ಖೋ:
ತಾಲೂಕಿಗೆ ಪ್ರಥಮ, ಜಿಲ್ಲೆಗೆ ದ್ವಿತೀಯ. ಇಷ್ಟ.
ಮೌಲಾಲಿ ರಂಗರೇಜ ಕಡೀ ನಿಮಿಷಕ್ಕ
ಕಂಬ ಹಿಡದು ಗರ್ರನ ತಿರುಗಿದಾಗ
ಅಂಗಿ ತೋಳು ಎದುರಿನವನ ಕೈಯಾಗ ಉಳದದ್ದು,
ಅಂಗಿ ಔಟೋ ಹುಡುಗ ಔಟೋ ಅಂತ
ಅಂಪೈರ್ ಇಬ್ಬರೂ ತಾಸೊತ್ತು ಜಗಳಾಡಿದ್ದು
ಎಲ್ಲಿ ಹಿಡಸಲಿ?

ಆಮ್ಯಾಲೆ ವಿಜ್ಞಾನ ವಸ್ತುಪ್ರದರ್ಶನ.
ಸಂಗನಬಸು ಕುರಹಟ್ಟಿ ಮಾಡಿದ ಯಂತ್ರ,
ಮಗ್ಗದಾಗ ಎಳಿ ಹರದರ ಗಂಟಿ ಬಾರಸತೈತಿ.
ಬಾಗಲಕೋಟ್ಯಾಗ ಬಹುಮಾನ ಬಂತು.
ಅವರಪ್ಪ ಅದನ್ನ ತನ್ನ ಖಣದ ಮಗ್ಗಕ್ಕ ಕಟ್ಟ್ಯಾನ;
ಈಗ ಓಣಿಗೆಲ್ಲ ಗೊತ್ತಾಗತೈತಿ
ಅವನ ನೂಲು ಎಷ್ಟು ಸಾದಾದು ಅಂತ.

ಪರಿಸರ ಸಂಘ: ಬೇವಿನ ಸಸಿ ಅರವತ್ತು.
ಆಡು ತಿಂದದ್ದು ಬರೀಬ್ಯಾಡ್ರಿ, ಅಂದಾರ ಸರ್.
ಆಡು ಸಂಘದ ಕಾರ್ಯದರ್ಶಿ ಮನೀವು.

ಹತ್ತನೇತ್ತೆ ಫಲಿತಾಂಶ ಶೇಕಡಾ ಎಂಬತ್ಮೂರು.
ಆ ಚಿಹ್ನೆ ಬರಿಯೂದು ನನಗ ಭಾಳ ಸೇರತೈತಿ:
ಎರಡು ಸೊನ್ನಿ, ನಡುವ ಒಂದು ಕೋಲು.
ಕೋಲಿನ ಆಕಡೆ ಉಳದವರಾಗ ಒಬ್ಬ
ಸಾಲಿ ಗೇಟಿನ ಮುಂದ ಪಂಕ್ಚರ್ ತಿದ್ದತಾನ,
ನನ್ನ ಸೈಕಲ್ಲಿಗೆ ರೊಕ್ಕ ತಗೊಳ್ಳಂಗಿಲ್ಲ.

ಒಂಬತ್ತನೇದು ನಡಿಗೆ ಸ್ಪರ್ಧೆ, ಐದು ಕಿಲೋಮೀಟರ್,
ವಿಭಾಗ ಮಟ್ಟಕ್ಕ ಮೂರನೇ ಸ್ಥಾನ.
ಸೊಂಟ ಕುಣಿಸಿ ನಡೀತಾನಂತ ಊರೆಲ್ಲ ನಕ್ಕ ಹುಡುಗ.
ಹುಚೇಶ ತಟ್ಟಿಮನಿ
ಅಂತ ಬರದು ಮುಂದಿನ ಗೆರಿ ಎಳೀತಿದ್ದೆ.

ಕೆಳಗಿಂದ ಸಣ್ಣ ದನಿ:
"ಸರ, ಚ-ಕ್ಕ ಒತ್ತು ಬಿಟ್ಟೀರಿ."

ಬ್ರಶ್ ನಿಂತಿತು.

ಜೂನಿನಾಗ ಇದೇ ಯಮನೂರಿ
'ಅಪ್ಪ' ಅನ್ನೂದನ್ನ 'ಅಪ' ಅಂತ ಬರದಿದ್ದ.
ಅಕ್ಕ, ಹಳ್ಳ, ಬೆಲ್ಲ, ಎಲ್ಲಾವೂ
ಕಾಲು ಮುರಕೊಂಡು ಕುಂತಿದ್ದವು ಅವನ ವಹ್ಯಾಗ.
ಕನ್ನಡದ ಗದ್ದನಕೇರಿ ಟೀಚರ್
ಕಡೀ ಗಂಟಿ ಆದಮ್ಯಾಲೆ, ಬಸ್ಸು ತಪ್ಪಿಸಿಕೊಂಡು,
ಅಂಥಾ ಒಂಬತ್ತು ಮಂದಿನ್ನ ಪಾವಟಿಗಿ ಬುಡಕ ಕುಂಡ್ರಿಸಿ
ಹುಣಸಿ ಬೀಜ ಇಟ್ಟು ಒತ್ತು ಕಲಿಸಿದ್ದು
ಚೀಟಿಯೊಳಗ ಇಲ್ಲ.
ಫೋಟೋ ಇಲ್ಲ, ಹಾರ ಇಲ್ಲ,
ಅದಕ್ಕ ಜಿಲ್ಲಾ ಮಟ್ಟ ಅನ್ನೂದ ಇಲ್ಲ.

ನನ್ನ ಬಲಗಣ್ಣಿಗೆ ಪೊರಿ ಬಂದೈತಿ, ಯಾರಿಗೂ ಹೇಳಿಲ್ಲ.
"ಎಲ್ಲೋ?" ಅಂದೆ, ಪರೀಕ್ಷೆ ಮಾಡಾವನಂಗ.
ಬಣ್ಣ ಹತ್ತಿದ ಬೆರಳೆತ್ತಿ ತೋರಿಸಿದ.
"ಅದೊಂದು ಇಲ್ಲಂದ್ರ
ಅಂವ ಬ್ಯಾರೆ ಯಾರೋ ಆಗತಾನ್ರಿ."

ಸಾಲಿನ ಸಂದಿಯೊಳಗ ಜಾಗ ಇರಲಿಲ್ಲ.
ಬ್ರಶ್ ಅದ್ದಿ, ಉಸಿರು ಹಿಡದು,
ಕೆಳಗಿನ ಗೆರಿ ದಾಟಿಸಿ ಒತ್ತಿದೆ.
ಒಂದು ಹನಿ ಜಾರಿ ಅವನ ಹಣೀ ಮ್ಯಾಲ ಬಿತ್ತು.
ಒರಸಿಕೊಳ್ಳಲಿಲ್ಲ.

ಸಂಜೀಕ ಹೆಡ್ ಮಾಸ್ತರ ಬಂದು,
ಕೈ ಹಿಂದ ಕಟ್ಟಿ, ಭಾಳೊತ್ತು ನೋಡಿ,
"ಎಲ್ಲಾ ಚಂದ ಆಗೈತಿ. ಆ ಒತ್ತೊಂದ
ಯಾಕ ಇಷ್ಟು ದಪ್ಪ?" ಅಂದ್ರು.

ಬ್ರಶ್ ಹಳೇದ್ರಿ, ಅಂದೆ.